ಗ್ರಂಥಾಲಯದ ಸರ್ವರ್ ಹೆಸರು ಒಂದು ದಿನ ಸಿಗುತ್ತದೆ, ಒಂದು ದಿನ ಸಿಗಲ್ಲ: ಅವಾಹಿ ಗೊತ್ತಿರುವವರು ಸ್ವಲ್ಪ ಹೇಳಿ

ಓದುಮನೆ (ಕೊಪ್ಪಳ) · ಭಾನುವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಕೊಪ್ಪಳದಿಂದ ಸ್ವಲ್ಪ ದೂರದ ಹಳ್ಳಿ ನಮ್ಮದು. ಊರಿನ ಗ್ರಂಥಾಲಯದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಪುಣ್ಯಾತ್ಮರೊಬ್ಬರು ಕೊಟ್ಟ ಐದು ಹಳೆಯ ಡೆಸ್ಕ್‌ಟಾಪ್ ಇವೆ. ಐದಕ್ಕೂ ಡೆಬಿಯನ್ 12 (ಲಿನಕ್ಸ್) ಹಾಕಿದ್ದೇನೆ. ಒಂದನ್ನು ಸರ್ವರ್ ಮಾಡಿ, ಇಂಟರ್‌ನೆಟ್ ಇಲ್ಲದೆಯೂ ವಿಕಿಪೀಡಿಯ ತೋರಿಸುವ ಕಿವಿಕ್ಸ್‌ನಲ್ಲಿ ಕನ್ನಡ ವಿಕಿಪೀಡಿಯ ಇಳಿಸಿ ಇಟ್ಟಿದ್ದೇನೆ. ನಮ್ಮಲ್ಲಿ ಇಂಟರ್‌ನೆಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಮಕ್ಕಳು ಓದುವುದೆಲ್ಲ ಈ ಸರ್ವರ್‌ನಿಂದಲೇ.

ಮೊದಲು ಅದರ ಐಪಿ ನಂಬರನ್ನು ಬೋರ್ಡಿನ ಮೇಲೆ ಬರೆದಿದ್ದೆ. ಕರೆಂಟ್ ಹೋಗಿ ಬಂದರೆ ರೂಟರ್ ಬೇರೆ ನಂಬರ್ ಕೊಟ್ಟುಬಿಡುತ್ತಿತ್ತು. ಅಳಿಸಿ ಬರೆಯುವುದೇ ಕೆಲಸ ಆಯಿತು. ಆಮೇಲೆ ಅವಾಹಿ ವಿಷಯ ಗೊತ್ತಾಯಿತು, ನಂಬರ್ ಬದಲು ಹೆಸರಿನಿಂದಲೇ ಕಂಪ್ಯೂಟರ್ ಹುಡುಕಿಕೊಡುವ ಪ್ರೋಗ್ರಾಂ ಅದು. ಕಂಪ್ಯೂಟರ್‌ಗೆ ‘ಓದು’ ಅಂತ ಹೆಸರಿಟ್ಟು, ಬ್ರೌಸರ್‌ನಲ್ಲಿ ಓದು.ಲೋಕಲ್ ಅಂತ ಹಾಕಿದೆ. ಪುಟ ಬಂತು. ಅವತ್ತು ಎಷ್ಟು ಖುಷಿಯಾಯಿತು ಅಂದ್ರೆ ಮನೆಗೆ ಹೋಗಿ ಎಲ್ಲರಿಗೂ ಹೇಳಿದೆ.

ಈಗ ತೊಂದರೆ ಏನಂದ್ರೆ, ಒಂದು ದಿನ ಬರುತ್ತದೆ, ಒಂದು ದಿನ ಬರಲ್ಲ. ಕೇಬಲ್ ಹಾಕಿದ ಕಂಪ್ಯೂಟರ್‌ಗಳ ಕಥೆ ಇದು. ಫೋನಿನಲ್ಲಂತೂ ಒಂದು ದಿನವೂ ಹೆಸರಿನಿಂದ ತೆರೆದಿಲ್ಲ. ಅದೇ ಫೋನಿನಲ್ಲಿ ನಂಬರ್ ಹಾಕಿದರೆ ತೆರೆಯುತ್ತದೆ. ಎರಡು ವಾರದಿಂದ ಒದ್ದಾಡುತ್ತಿದ್ದೇನೆ.

(ಹೆಸರು, ಕಮಾಂಡು ಎಲ್ಲ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇದೆ.)

ಗಂಗಾವತಿ_ಅಂಗಡಿ · ಭಾನುವಾರ, ರಾತ್ರಿ 9:48

ಅಕ್ಕಾ, ಇಷ್ಟಕ್ಕೆ ಅವಾಹಿ ಯಾಕೆ ಬೇಕು? ರೂಟರ್ ಒಳಗೆ ಹೋಗಿ, ಸರ್ವರ್‌ನ ಮ್ಯಾಕ್ ವಿಳಾಸಕ್ಕೆ (ಅದರ ನೆಟ್‌ವರ್ಕ್ ಕಾರ್ಡಿನ ಸ್ವಂತ ನಂಬರ್) ಒಂದು ಐಪಿ ಕಾಯಂ ಮಾಡಿ. ಕರೆಂಟ್ ಎಷ್ಟು ಸಲ ಹೋದರೂ ಅದೇ ನಂಬರ್ ಬರುತ್ತದೆ. ನಮ್ಮ ಅಕ್ಕಿ ಅಂಗಡಿಯ ಬಿಲ್ಲಿಂಗ್ ಹೀಗೇ ನಡೆಯುತ್ತಿದೆ, ಮೂರು ವರ್ಷದಿಂದ ಒಂದು ದಿನ ನಿಂತಿಲ್ಲ.

ಓದುಮನೆ · ಭಾನುವಾರ, ರಾತ್ರಿ 10:05

ಅಣ್ಣಾ, ನೀವು ಹೇಳಿದ್ದನ್ನೂ ಮಾಡುತ್ತೇನೆ. ಆದರೆ ನಂಬರ್ ಹಾಕುವವರು ಮೂರನೇ ಕ್ಲಾಸಿನ ಮಕ್ಕಳು. ಒಬ್ಬಳು ಇಂಗ್ಲಿಷ್ ಅಕ್ಷರ ಈಗಷ್ಟೇ ಕಲಿಯುತ್ತಿದ್ದಾಳೆ. ಓ, ಡಿ, ಯು ಅಂತ ಬಾಯಲ್ಲಿ ಹೇಳುತ್ತಾ ಒಂದೊಂದೇ ಕೀ ಹುಡುಕುತ್ತಾಳೆ. ಚುಕ್ಕೆ ಒತ್ತಿ ‘ಲೋಕಲ್’ ಮುಗಿಸುವಾಗ ನಾಲಿಗೆ ತುದಿ ಹೊರಗೆ ಬಂದಿರುತ್ತದೆ. ‘ಓದು’ ಅನ್ನುವುದು ಅವಳಿಗೆ ಅರ್ಥ ಆಗುವ ಮಾತು. 192.168 ಅಂತ ಶುರುವಾಗುವ ನಂಬರಿನಲ್ಲಿ ಅವಳಿಗೆ ಹಿಡಿದುಕೊಳ್ಳೋಕೆ ಏನೂ ಇಲ್ಲ.

ಬಳ್ಳಾರಿ_ಗುಡ್ಡ · ಸೋಮವಾರ, ಬೆಳಿಗ್ಗೆ 7:10

ಮೇಡಂ, ಒಂದು ಪ್ರಶ್ನೆ. ಬರದೇ ಇದ್ದ ದಿನ ಬ್ರೌಸರ್ ಏನು ಹೇಳುತ್ತದೆ? ‘ಈ ವಿಳಾಸ ಸಿಗಲಿಲ್ಲ’ ಅಂತಲಾ, ಇಲ್ಲಾ ‘ಸಂಪರ್ಕ ನಿರಾಕರಿಸಲಾಗಿದೆ’ ಅಂತಲಾ? ನೋಡೋಕೆ ಎರಡೂ ಒಂದೇ ಥರ ಖಾಲಿ ಪುಟ. ಆದರೆ ಅರ್ಥ ಬೇರೆ ಬೇರೆ. ಸ್ವಲ್ಪ ಸರಿಯಾಗಿ ಓದಿ ಹೇಳಿ.

ಓದುಮನೆ · ಸೋಮವಾರ, ಸಂಜೆ 6:32

ಈಗ ಇಲ್ಲೇ ಕೂತು ನೋಡಿದೆ. ಇವತ್ತು ಬಂದಿಲ್ಲ. ಕಂಪ್ಯೂಟರ್‌ನಲ್ಲಿ ‘ನಿರಾಕರಿಸಲಾಗಿದೆ’ ಅಂತಿದೆ. ಫೋನಿನಲ್ಲಿ ‘ಸಿಗಲಿಲ್ಲ’ ಅಂತಿದೆ. ಎರಡೂ ಒಂದೇ ಅಂದುಕೊಂಡಿದ್ದೆ.

ಬಳ್ಳಾರಿ_ಗುಡ್ಡ · ಸೋಮವಾರ, ಸಂಜೆ 7:15

ಹಾಗಾದರೆ ನಿಮಗಿರುವುದು ಎರಡು ತೊಂದರೆ, ಒಂದಲ್ಲ. ಮೊದಲು ಕಂಪ್ಯೂಟರ್‌ಗಳದ್ದು ನೋಡೋಣ.

‘ನಿರಾಕರಿಸಲಾಗಿದೆ’ ಅಂದ್ರೆ ಹೆಸರು ಸಿಕ್ಕಿದೆ. ಓದು.ಲೋಕಲ್ ಅಂತ ಕೇಳಿದಾಗ ಯಾರೋ ‘ನಾನೇ’ ಅಂದಿದ್ದಾರೆ. ಬಾಗಿಲು ತಟ್ಟಿದರೆ ಅಲ್ಲಿ ಕಿವಿಕ್ಸ್ ಇಲ್ಲ. ಅಂದ್ರೆ ‘ನಾನೇ’ ಅಂದದ್ದು ನಿಮ್ಮ ಸರ್ವರ್ ಅಲ್ಲ, ಬೇರೆ ಯಂತ್ರ. ಒಂದು ಮಾತು ಕೇಳುತ್ತೇನೆ: ಐದು ಕಂಪ್ಯೂಟರ್‌ಗೂ ಡೆಬಿಯನ್ ಬೇರೆ ಬೇರೆ ಹಾಕಿದಿರಾ, ಇಲ್ಲಾ ಒಂದಕ್ಕೆ ಹಾಕಿ ಆ ಡಿಸ್ಕನ್ನೇ ಉಳಿದವಕ್ಕೆ ಕಾಪಿ ಮಾಡಿದಿರಾ?

ಇದು ಯಾಕೆ ಮುಖ್ಯ ಅಂದ್ರೆ, ಅವಾಹಿ ಹೆಸರು ಹುಡುಕುವ ಪದ್ಧತಿಯಾದ ಎಂಡಿಎನ್ಎಸ್‌ನಲ್ಲಿ ಹೆಸರು ಹಂಚುವ ಯಜಮಾನ ಯಾರೂ ಇಲ್ಲ. ಯಂತ್ರ ಶುರುವಾದಾಗ 224.0.0.251 ಅನ್ನುವ ವಿಳಾಸಕ್ಕೆ, ಯುಡಿಪಿ 5353 ಪೋರ್ಟ್‌ನಲ್ಲಿ, ಇಡೀ ಕೋಣೆಗೆ ಕೇಳುವ ಹಾಗೆ ‘ಓದು ಅನ್ನುವ ಹೆಸರು ಯಾರಿಗಾದರೂ ಇದೆಯಾ?’ ಅಂತ ಕಾಲು ಸೆಕೆಂಡಿಗೆ ಒಂದರಂತೆ ಮೂರು ಸಲ ಕೂಗುತ್ತದೆ. ಯಾರೂ ಮಾತಾಡದಿದ್ದರೆ ಹೆಸರು ತನ್ನದು. ಯಾರಾದರೂ ‘ನನಗಿದೆ’ ಅಂದರೆ ತಾನೇ ಸರಿದು ‘ಓದು-2’ ಅಂತ ಇಟ್ಟುಕೊಳ್ಳುತ್ತದೆ. ಅದೂ ಹೋಗಿದ್ದರೆ ‘ಓದು-3’. ಅವಾಹಿ ಯಾರನ್ನೂ ಕೇಳದೆ ಇದನ್ನು ಮಾಡುತ್ತದೆ, ಲಾಗ್‌ನಲ್ಲಿ ಮಾತ್ರ ಬರೆದಿಡುತ್ತದೆ.

ನಾನು ಕೆಲಸ ಮಾಡುವ ಜೀನ್ಸ್ ಹೊಲಿಗೆ ಯೂನಿಟ್‌ನಲ್ಲಿ ಇದೇ ಆಗಿತ್ತು. ಹತ್ತು ಕಂಪ್ಯೂಟರ್, ಎಲ್ಲಕ್ಕೂ ಒಂದೇ ಡಿಸ್ಕಿನ ಕಾಪಿ. ಲೇಬಲ್ ಪ್ರಿಂಟರ್ ಕಟ್ಟಿದ್ದ ಯಂತ್ರ ದಿನಕ್ಕೊಂದು ಹೆಸರು ತಗೊಳ್ಳುತ್ತಿತ್ತು. ಸೈಜ್ 32ರ ಲೇಬಲ್ ಕೊಟ್ಟರೆ ಎಲ್ಲಿಗೋ ಹೋಗುತ್ತಿತ್ತು. ಪ್ಯಾಕಿಂಗ್ ಹೆಂಗಸರು ಬೈಯ್ದದ್ದು ಇನ್ನೂ ಕಿವಿಯಲ್ಲಿದೆ.

ಸರ್ವರ್‌ನಲ್ಲಿ ಇದನ್ನು ಕೊಡಿ: ಜರ್ನಲ್‌ಸಿಟಿಎಲ್ -ಯು ಅವಾಹಿ-ಡೇಮನ್. ಅದರಲ್ಲಿ ‘ಹೋಸ್ಟ್ ನೇಮ್ ಕಾನ್‌ಫ್ಲಿಕ್ಟ್’ ಅನ್ನುವ ಸಾಲು ಇದೆಯಾ ನೋಡಿ.

ಓದುಮನೆ · ಸೋಮವಾರ, ರಾತ್ರಿ 8:02

ಇದೆ ಸರ್! ಒಂದಲ್ಲ, ತುಂಬಾ ಇವೆ. ಇವತ್ತು ನನ್ನ ಸರ್ವರ್ ‘ಓದು-4’ ಆಗಿ ಕೂತಿದೆ.

ಹೌದು, ಒಂದೇ ಡಿಸ್ಕನ್ನು ಕಾಪಿ ಮಾಡಿದ್ದೆ. ಈಗ ಎಲ್ಲ ಹೊಂದುತ್ತಿದೆ. ಸರ್ವರ್ ಐದರಲ್ಲಿ ಎಲ್ಲಕ್ಕಿಂತ ನಿಧಾನದ್ದು, ಅದರ ಡಿಸ್ಕ್ ಹಳೆಯದು. ಕರೆಂಟ್ ಹೋಗಿ ಬಂದಾಗ ಐದೂ ಒಟ್ಟಿಗೆ ಏಳುತ್ತವೆ. ಮೊದಲು ಎದ್ದದ್ದು ‘ಓದು’ ಆಗುತ್ತದೆ. ಸರ್ವರ್ ಏಳುವಷ್ಟರಲ್ಲಿ ಹೆಸರು ಹೋಗಿರುತ್ತದೆ. ಕರೆಂಟ್ ಹೋಗದ ದಿನ ನಾನೇ ಬಂದು ಮೊದಲು ಸರ್ವರ್ ಆನ್ ಮಾಡುತ್ತೇನೆ, ಆಮೇಲೆ ಉಳಿದವು. ಆ ದಿನಗಳಲ್ಲೇ ಅಲ್ವಾ ಸರಿಯಾಗಿ ಬರುತ್ತಿದ್ದದ್ದು!

ಬಳ್ಳಾರಿ_ಗುಡ್ಡ · ಸೋಮವಾರ, ರಾತ್ರಿ 8:40

ಅದೇ. ಈಗ ಸರಿ ಮಾಡೋಣ. ನಾಲ್ಕು ಕಂಪ್ಯೂಟರ್‌ಗೂ ಬೇರೆ ಹೆಸರು ಕೊಡಿ. ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್ ಅಂತ ಹಾಕಿ ಮುಂದೆ ಮೇಜು1, ಮೇಜು2, ಹೀಗೆ. ಇಂಗ್ಲಿಷ್ ಅಕ್ಷರ, ಅಂಕಿ, ನಡುಗೆರೆ ಬಿಟ್ಟು ಬೇರೇನೂ ಬೇಡ. ಅಡಿಗೆರೆ ಹಾಕಬೇಡಿ. ಡೆಬಿಯನ್‌ನಲ್ಲಿ /ಇಟಿಸಿ/ಹೋಸ್ಟ್ಸ್ ಫೈಲಿನ 127.0.1.1 ಸಾಲಿನಲ್ಲೂ ಹಳೆ ಹೆಸರು ಇರುತ್ತದೆ, ಅದನ್ನೂ ಬದಲಿಸಿ. ಡಿಸ್ಕ್ ಕಾಪಿ ಮಾಡಿದಾಗ /ಇಟಿಸಿ/ಮೆಷಿನ್-ಐಡಿ (ಯಂತ್ರದ ಗುರುತಿನ ನಂಬರ್) ಕೂಡ ಐದಕ್ಕೂ ಒಂದೇ ಆಗಿರುತ್ತದೆ. ಅದೂ ಒಂದೊಂದಕ್ಕೆ ಒಂದೊಂದು ಇರಬೇಕು.

ಆಮೇಲೆ ಸರ್ವರ್‌ನಲ್ಲಿ /ಇಟಿಸಿ/ಅವಾಹಿ/ಅವಾಹಿ-ಡೇಮನ್.ಕಾನ್ಫ್ ತೆರೆಯಿರಿ. ‘ಸರ್ವರ್’ ವಿಭಾಗದಲ್ಲಿ ಎರಡು ಸಾಲು ನೋಡಿ:

ಹೋಸ್ಟ್-ನೇಮ್=ಓದು
ಅಲೋ-ಇಂಟರ್‌ಫೇಸಸ್=ನಿಮ್ಮ ಕೇಬಲ್ ಕಾರ್ಡಿನ ಹೆಸರು

ಕಾರ್ಡಿನ ಹೆಸರು ‘ಐಪಿ ಅಡ್ರ್’ ಕಮಾಂಡ್ ಕೊಟ್ಟರೆ ಕಾಣುತ್ತದೆ. ಎರಡೂ ಸಾಲಿನ ಮುಂದೆ # ಗುರುತು ಇರುತ್ತದೆ. ಅದನ್ನು ತೆಗೆಯದೆ ಬರೀ ಹೆಸರು ಬದಲಿಸಿದರೆ ಅವಾಹಿ ಆ ಸಾಲನ್ನು ಓದುವುದೇ ಇಲ್ಲ. ತುಂಬಾ ಜನ ಅಲ್ಲೇ ಎಡವುತ್ತಾರೆ.

ಎರಡನೇ ಸಾಲು ಯಾಕೆ ಅಂದ್ರೆ, ಏನೂ ಹೇಳದಿದ್ದರೆ ಅವಾಹಿ ಸಿಕ್ಕ ಎಲ್ಲ ಕಾರ್ಡಿನಲ್ಲೂ ಕೂರುತ್ತದೆ. ಲೂಪ್‌ಬ್ಯಾಕ್ ಮತ್ತು ಪಾಯಿಂಟ್-ಟು-ಪಾಯಿಂಟ್ ಬಿಟ್ಟು ಉಳಿದದ್ದೆಲ್ಲ. ಸರ್ವರ್‌ನಲ್ಲಿ ಕೇಬಲ್ಲೂ ವೈಫೈಯೂ ಒಂದೇ ರೂಟರ್‌ಗೆ ಸೇರಿದ್ದರೆ ಸುಮ್ನೆ ಗೊಂದಲ. ಕಂಟೇನರ್ ಓಡಿಸುವವರಿಗೂ ಇದೇ ಮಾತು, ಅವುಗಳ ಸೇತುವೆ ಕಾರ್ಡಿನಲ್ಲಿ ಅವಾಹಿಗೆ ಏನೂ ಕೆಲಸ ಇಲ್ಲ.

ಈ ಫೈಲ್ ಬದಲಿಸಿದರೆ ಡೇಮನ್ (ಹಿನ್ನೆಲೆಯಲ್ಲಿ ಓಡುವ ಅವಾಹಿ) ರೀಸ್ಟಾರ್ಟ್ ಮಾಡಲೇಬೇಕು: ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಅವಾಹಿ-ಡೇಮನ್.

ಸಿಂಧನೂರು_ಹೊಸಬ · ಸೋಮವಾರ, ರಾತ್ರಿ 10:30

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದೂ ಹೆಸರಿನ ತೊಂದರೆಯೇ. ಅವಾಹಿ-ರಿಸಾಲ್ವ್ -ಎನ್ ಕೊಟ್ಟು ಹೆಸರು ಕೇಳಿದರೆ ನಂಬರ್ ಬರುತ್ತದೆ. ಅದೇ ಹೆಸರಿಗೆ ಪಿಂಗ್ ಕೊಟ್ಟರೆ ಹೆಸರು ಗೊತ್ತಿಲ್ಲ ಅನ್ನುತ್ತದೆ. ಒಂದೇ ಯಂತ್ರ, ಒಂದೇ ಹೆಸರು. ಇದು ಹೇಗೆ?

ಎಡೆದೊರೆ (ರಾಯಚೂರು) · ಸೋಮವಾರ, ರಾತ್ರಿ 11:05

ತಮ್ಮಾ, ಅವಾಹಿ-ರಿಸಾಲ್ವ್ ನೇರವಾಗಿ ಡೇಮನ್‌ನ್ನೇ ಕೇಳುತ್ತದೆ. ಪಿಂಗ್ ಹಾಗಲ್ಲ, ಅದು ಸಿಸ್ಟಮ್‌ನ ಹೆಸರು ಹುಡುಕುವ ದಾರಿಯಲ್ಲಿ ಹೋಗುತ್ತದೆ. ಆ ದಾರಿ ಬರೆದಿರುವುದು /ಇಟಿಸಿ/ಎನ್ಎಸ್ಎಸ್‌ವಿಚ್.ಕಾನ್ಫ್ ಫೈಲಿನಲ್ಲಿ. ‘ಹೋಸ್ಟ್ಸ್’ ಸಾಲಿನಲ್ಲಿ ಇಂಟರ್‌ನೆಟ್ ಹೆಸರು ಹುಡುಕುವ ಡಿಎನ್ಎಸ್‌ಗಿಂತ ಮೊದಲು ‘ಎಂಡಿಎನ್ಎಸ್4_ಮಿನಿಮಲ್’ ಇರಬೇಕು. ಇಲ್ಲದಿದ್ದರೆ ಲಿಬ್‌ಎನ್ಎಸ್ಎಸ್-ಎಂಡಿಎನ್ಎಸ್ ಪ್ಯಾಕೇಜ್ ಹಾಕು, ಆ ಸಾಲನ್ನು ತಾನೇ ಸೇರಿಸುತ್ತದೆ.

ನೀನು ಹೆಸರಿನಲ್ಲಿ ಎರಡು ಚುಕ್ಕೆ ಇಟ್ಟಿದ್ದೀಯಾ? ಉದಾಹರಣೆಗೆ ಬಿಲ್.ಅಂಗಡಿ.ಲೋಕಲ್ ಅಂತ? ಹಾಗಿದ್ದರೆ ‘ಮಿನಿಮಲ್’ ಅದನ್ನು ಮುಟ್ಟುವುದಿಲ್ಲ. ಒಂದು ಹೆಸರು, ಒಂದು ಚುಕ್ಕೆ, ಲೋಕಲ್. ಅಷ್ಟೇ.

ಓದುಮನೆ · ಮಂಗಳವಾರ, ಸಂಜೆ 7:20

ಸರ್, ಮಾಡಿದೆ. ಮೇಜು1ರಿಂದ ಮೇಜು4ರವರೆಗೆ ಹೆಸರು ಕೊಟ್ಟೆ. ಸರ್ವರ್‌ನಲ್ಲಿ # ತೆಗೆದೆ. ನೀವು ಹೇಳಿದ್ದು ನಿಜ, ವೈಫೈ ಕೂಡ ಆನ್ ಇತ್ತು. ಆಮೇಲೆ ಬೇಕಂತಲೇ ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಐದೂ ಒಟ್ಟಿಗೆ ಎದ್ದವು. ಮೇಜು3ರಲ್ಲಿ ಓದು.ಲೋಕಲ್ ಹಾಕಿ ಕಾದೆ. ಸರ್ವರ್ ಎದ್ದ ಕೂಡಲೇ ವಿಕಿಪೀಡಿಯ ಬಂತು. ಇನ್ನೂ ಮೂರು ಸಲ ಸ್ವಿಚ್ ಆಫ್ ಮಾಡಿ ನೋಡಿದೆ, ಮೂರು ಸಲವೂ ಬಂತು.

ಫೋನಿನಲ್ಲಿ ಮಾತ್ರ ಇನ್ನೂ ಇಲ್ಲ.

ಎಡೆದೊರೆ · ಮಂಗಳವಾರ, ರಾತ್ರಿ 8:10

ಅಕ್ಕಾವ್ರೇ, ಫೋನಿಗೆ ಎರಡು ಕಾರಣ ಇರಬಹುದು. ಫೋನ್ ಯಾವುದು? ಆಂಡ್ರಾಯ್ಡ್ 12ಕ್ಕಿಂತ ಹಳೆಯದಾದರೆ ಬ್ರೌಸರ್‌ನಲ್ಲಿ .ಲೋಕಲ್ ಹೆಸರು ತೆರೆಯುವುದಿಲ್ಲ. ಅದಕ್ಕೆ ನಾವು ಏನೂ ಮಾಡೋಕಾಗಲ್ಲ.

ಫೋನ್ ಹೊಸದಾದರೆ ರೂಟರ್ ನೋಡಿ. ಫೋನಿನ ಕೂಗು ಸರ್ವರ್‌ವರೆಗೆ ಬರುತ್ತಿದೆಯಾ ಅಂತ ಕಣ್ಣಿನಿಂದಲೇ ನೋಡಬಹುದು. ಸರ್ವರ್‌ನಲ್ಲಿ ಟಿಸಿಪಿಡಂಪ್ (ಬಂದುಹೋಗುವ ಪ್ಯಾಕೆಟ್ ತೋರಿಸುವ ಕಮಾಂಡ್) ಹಾಕಿ, ಕೇಬಲ್ ಕಾರ್ಡಿನ ಮೇಲೆ, ‘ಯುಡಿಪಿ ಪೋರ್ಟ್ 5353’ ಮಾತ್ರ ತೋರಿಸು ಅಂತ ಹೇಳಿ. ಆಮೇಲೆ ಫೋನಿನಲ್ಲಿ ಓದು.ಲೋಕಲ್ ಒತ್ತಿ. ಫೋನಿನ ಐಪಿಯಿಂದ ಒಂದು ಸಾಲು ಬಿದ್ದರೆ ರೂಟರ್ ಸರಿ ಇದೆ, ತಪ್ಪು ಸರ್ವರ್ ಕಡೆ, ಬಹುಶಃ ಫೈರ್‌ವಾಲ್. ಸಾಲು ಬೀಳದಿದ್ದರೆ ದಾರಿಯಲ್ಲಿ ರೂಟರ್ ನುಂಗುತ್ತಿದೆ.

ಓದುಮನೆ · ಮಂಗಳವಾರ, ರಾತ್ರಿ 9:25

ಎರಡು ಫೋನಿನಲ್ಲಿ ನೋಡಿದೆ, ಎರಡೂ ಹೊಸವೇ. ಮೇಜು1, ಮೇಜು2ರ ಸಾಲುಗಳು ಬೀಳುತ್ತಿವೆ. ಫೋನಿನದು ಒಂದೂ ಇಲ್ಲ. ರೂಟರ್ ನುಂಗುತ್ತಿದೆ ಅಂತ ಆಯಿತು. ಏನು ಮಾಡಲಿ?

ಎಡೆದೊರೆ · ಮಂಗಳವಾರ, ರಾತ್ರಿ 9:50

ರೂಟರ್‌ನ ವೈಫೈ ಇಲ್ಲವೇ ಲ್ಯಾನ್ ಪುಟದಲ್ಲಿ ‘ಐಜಿಎಂಪಿ ಸ್ನೂಪಿಂಗ್’ ಇಲ್ಲವೇ ‘ಮಲ್ಟಿಕಾಸ್ಟ್ ಫಿಲ್ಟರ್’ ಅಂತ ಏನಾದರೂ ಇದೆಯಾ ಹುಡುಕಿ. ಇದ್ದರೆ ಆಫ್ ಮಾಡಿ ನೋಡಿ. ಸ್ನೂಪಿಂಗ್ ಅಂದ್ರೆ ಯಾರು ಯಾವ ಗುಂಪಿಗೆ ಸೇರಿದ್ದಾರೆ ಅಂತ ನೋಡಿ ಅವರಿಗೆ ಮಾತ್ರ ಪ್ಯಾಕೆಟ್ ಕಳಿಸುವುದು. 224.0.0 ಅಂತ ಶುರುವಾಗುವ ವಿಳಾಸಗಳಿಗೆ ಆ ಲೆಕ್ಕ ಹಚ್ಚದೆ ಎಲ್ಲ ಕಡೆಗೂ ಕಳಿಸಬೇಕು ಅಂತ ಇಂಟರ್‌ನೆಟ್‌ನ ತಾಂತ್ರಿಕ ದಾಖಲೆಯಾದ 2006ರ ಆರ್‌ಎಫ್‌ಸಿ 4541ರಲ್ಲೇ ಬರೆದಿದೆ. ಎಲ್ಲ ಡಬ್ಬಿಗಳೂ ಪಾಲಿಸಲ್ಲ.

ಇನ್ನೊಂದು, ‘ಗೆಸ್ಟ್’ ವೈಫೈ ಆಗಿರಬಾರದು. ವೈಫೈಯಲ್ಲಿರುವವರನ್ನು ಒಬ್ಬರಿಂದೊಬ್ಬರು ಬೇರೆ ಇಡುವ ‘ಎಪಿ ಐಸೊಲೇಷನ್’ ಆನ್ ಇದ್ದರೂ ಕಷ್ಟ. ಆದರೆ ನಿಮಗೆ ನಂಬರಿನಿಂದ ಪುಟ ತೆರೆಯುತ್ತಿದೆ ಅಂದ ಮೇಲೆ ಅದು ಕಾರಣ ಅಲ್ಲ ಅನ್ನಿಸುತ್ತದೆ.

ಓದುಮನೆ · ಮಂಗಳವಾರ, ರಾತ್ರಿ 10:40

ಐಜಿಎಂಪಿ ಸ್ನೂಪಿಂಗ್ ಆನ್ ಇತ್ತು. ಆಫ್ ಮಾಡಿ ರೂಟರ್ ರೀಸ್ಟಾರ್ಟ್ ಮಾಡಿದೆ. ಟಿಸಿಪಿಡಂಪ್‌ನಲ್ಲಿ ಫೋನಿನ ಸಾಲು ಬಿತ್ತು. ಅದರ ಕೆಳಗೇ ಸರ್ವರ್ ಉತ್ತರ ಕೊಟ್ಟ ಸಾಲು. ಫೋನ್ ಕಡೆ ತಿರುಗುವಷ್ಟರಲ್ಲಿ ಪುಟ ತೆರೆದಿತ್ತು. ಗ್ರಂಥಾಲಯದಲ್ಲಿ ಈಗ ಯಾರೂ ಇಲ್ಲ, ನಾನೊಬ್ಬಳೇ. ನಾಳೆ ಮಕ್ಕಳಿಗೆ ತೋರಿಸೋಕೆ ಕಾಯ್ತಾ ಇದ್ದೇನೆ.

ಗಂಗಾವತಿ_ಅಂಗಡಿ · ಬುಧವಾರ, ಬೆಳಿಗ್ಗೆ 8:15

ಅಕ್ಕಾ, ಒಳ್ಳೇದಾಯಿತು. ಹಳೆ ಫೋನ್ ತರುವವರಿಗೆ ಮಾತ್ರ ನನ್ನ ದಾರಿ ಇಟ್ಟುಕೊಳ್ಳಿ. ರೂಟರ್‌ನಲ್ಲಿ ಐಪಿ ಕಾಯಂ ಮಾಡಿ, ಆ ವಿಳಾಸದ ಕ್ಯೂಆರ್ ಕೋಡ್ ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಿ. ಸ್ಕ್ಯಾನ್ ಮಾಡಿದರೆ ಸಾಕು, ಯಾರೂ ನಂಬರ್ ಒತ್ತಬೇಕಾಗಿಲ್ಲ.

ಒಂದು ಅನುಮಾನ ನನಗೂ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಲಿನಕ್ಸ್ ಪ್ರಿಂಟರ್ ವಿಷಯದಲ್ಲಿ ದೊಡ್ಡ ಸುದ್ದಿ ಬಂದಿತ್ತಲ್ಲ, ಹೊರಗಿನವರು ಯಂತ್ರದೊಳಗೆ ನುಗ್ಗಬಹುದು ಅಂತ. ಅದು ಈ ಅವಾಹಿಯದ್ದೇ ಅಲ್ವಾ? ಮಕ್ಕಳು ಕೂರುವ ಜಾಗ, ಅದಕ್ಕೆ ಕೇಳಿದೆ.

ಬಳ್ಳಾರಿ_ಗುಡ್ಡ · ಬುಧವಾರ, ಬೆಳಿಗ್ಗೆ 9:30

ಕೇಳಿದ್ದು ಒಳ್ಳೇದಾಯಿತು ಅಣ್ಣಾ. ಅದರಲ್ಲಿ ದೊಡ್ಡ ಬಾಗಿಲಾಗಿದ್ದದ್ದು ಜಾಲದಲ್ಲಿ ಪ್ರಿಂಟರ್ ಹುಡುಕುವ ಕಪ್ಸ್-ಬ್ರೌಸ್ಡ್, ಯುಡಿಪಿ 631 ಪೋರ್ಟ್‌ನಲ್ಲಿ ಯಾರು ಕಳಿಸಿದ್ದನ್ನೂ ನಂಬಿ ತಗೊಳ್ಳುತ್ತಿತ್ತು. ಅವಾಹಿ ಬೇರೆ ಡೇಮನ್, ಅದರ ಪೋರ್ಟ್ 5353. ಆದರೂ ಸುಮ್ನೆ ಕೂರಬಾರದು. ಅಪ್‌ಡೇಟ್ ಹಾಕಿ. ಜಾಲದ ಪ್ರಿಂಟರನ್ನು ತಾನಾಗಿ ಹುಡುಕುವುದು ಬೇಡದವರು ಕಪ್ಸ್-ಬ್ರೌಸ್ಡ್ ನಿಲ್ಲಿಸಿಬಿಡಿ.

ಅವಾಹಿಯ ಕೂಗು ರೂಟರ್ ದಾಟಿ ಇಂಟರ್‌ನೆಟ್‌ಗೆ ಹೋಗುವುದಿಲ್ಲ. ಆ ವಿಳಾಸ ಇರುವುದೇ ಒಂದು ಜಾಲದ ಒಳಗಿನ ಮಾತಿಗೆ. ರೂಟರ್‌ನಲ್ಲಿ 5353ಕ್ಕೆ ಪೋರ್ಟ್ ಫಾರ್ವರ್ಡ್ ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಮತ್ತೆ ಮೇಡಂ, ಮಕ್ಕಳ ನಾಲ್ಕು ಕಂಪ್ಯೂಟರ್ ತಮ್ಮ ಹೆಸರು ಸಾರಬೇಕಾಗಿಲ್ಲ, ಬೇರೆಯವರ ಹೆಸರು ಹುಡುಕಿದರೆ ಸಾಕು. ಅವುಗಳಲ್ಲಿ ‘ಪಬ್ಲಿಷ್’ ವಿಭಾಗದಲ್ಲಿ ಡಿಸೇಬಲ್-ಪಬ್ಲಿಷಿಂಗ್=ಯೆಸ್ ಹಾಕಿ. ಮುಂದೆ ಯಾರಾದರೂ ತಪ್ಪಿ ಡಿಸ್ಕ್ ಕಾಪಿ ಮಾಡಿದರೂ ಹೆಸರಿಗೆ ಜಗಳ ಬರಲ್ಲ.

ಎಡೆದೊರೆ · ಬುಧವಾರ, ಮಧ್ಯಾಹ್ನ 1:20

ಮುಂದೆ ಗ್ರಂಥಾಲಯಕ್ಕೆ ಒಂದು ಜಾಲ, ಪಕ್ಕದ ಕೋಣೆಗೆ ಒಂದು ಜಾಲ ಅಂತ ಬೇರೆ ಮಾಡಿದರೆ ಹೆಸರು ಆಚೆ ಹೋಗಲ್ಲ, ನೆನಪಿರಲಿ. ನಮ್ಮ ಲ್ಯಾಬ್‌ನಲ್ಲಿ ಹಾಗಾಗಿತ್ತು. ಎರಡೂ ಜಾಲಕ್ಕೆ ಕಾಲಿಟ್ಟ ಒಂದು ಯಂತ್ರದಲ್ಲಿ ‘ರಿಫ್ಲೆಕ್ಟರ್’ ವಿಭಾಗದ ಎನೇಬಲ್-ರಿಫ್ಲೆಕ್ಟರ್=ಯೆಸ್ ಹಾಕಿದೆವು. ಅದು ಈ ಕಡೆಯ ಕೂಗನ್ನು ಆ ಕಡೆಗೆ ದಾಟಿಸುತ್ತದೆ. ಒಂದೇ ಯಂತ್ರದಲ್ಲಿ ಹಾಕಿ. ಎರಡರಲ್ಲಿ ಹಾಕಿದರೆ ಒಂದರ ಕೂಗನ್ನು ಇನ್ನೊಂದು ಕೂಗಿ ಜಾಲ ಪೂರ್ತಿ ಗದ್ದಲ.

ಓದುಮನೆ · ಬುಧವಾರ, ರಾತ್ರಿ 8:45

ಇನ್ನೊಂದು ಆಸೆ ಇದೆ. ಜಾಲದಲ್ಲಿ ಏನೇನು ಸರ್ವಿಸ್ ಇವೆ ಅಂತ ಹುಡುಕಿದಾಗ ಪಟ್ಟಿಯಲ್ಲಿ ಹೆಸರು ಕನ್ನಡದಲ್ಲಿ ಕಾಣಬೇಕು. /ಇಟಿಸಿ/ಅವಾಹಿ/ಸರ್ವಿಸಸ್ ಒಳಗೆ ಒಂದು ಫೈಲ್ ಮಾಡಿ, ಹೆಸರು ‘ನಮ್ಮೂರ ಗ್ರಂಥಾಲಯ ವಿಕಿಪೀಡಿಯ’ ಅಂತ ಕೊಟ್ಟೆ. ಬಗೆ _ಎಚ್‌ಟಿಟಿಪಿ._ಟಿಸಿಪಿ, ಪೋರ್ಟ್ 8080. ಪಟ್ಟಿಗೆ ಬರುತ್ತಿಲ್ಲ. ‘ಓದುಮನೆ’ ಅಂತ ಕೊಟ್ಟರೆ ಬರುತ್ತದೆ. ಕನ್ನಡ ಆಗುತ್ತದೆ ಅಂತ ಆಯಿತಲ್ಲ, ಮತ್ತೆ ದೊಡ್ಡ ಹೆಸರು ಯಾಕಿಲ್ಲ?

ಎಡೆದೊರೆ · ಬುಧವಾರ, ರಾತ್ರಿ 9:30

ಇದು ನಾವು ಕನ್ನಡದವರು ತಿಳಿದಿರಲೇಬೇಕಾದ ವಿಷಯ. ಸರ್ವಿಸ್ ಹೆಸರು ಯಾವ ಭಾಷೆಯಲ್ಲಾದರೂ ಇರಬಹುದು, 2013ರ ಆರ್‌ಎಫ್‌ಸಿ 6763 ಅದಕ್ಕೆ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರ ಹಿಡಿಸುವ ಪದ್ಧತಿ) ಅಂತ ಹೇಳಿದೆ. ಆದರೆ ಉದ್ದ 63 ಬೈಟ್ ದಾಟಬಾರದು. ಇಂಗ್ಲಿಷಿನವರಿಗೆ ಅದು 63 ಅಕ್ಷರ. ನಮಗೆ ಒಂದೊಂದು ಗುರುತಿಗೂ ಮೂರು ಬೈಟ್. ಗುಣಿತದ ಕೊಂಬಿಗೂ ಮೂರು, ಒತ್ತಕ್ಷರ ಮಾಡುವ ವಿರಾಮಕ್ಕೂ ಮೂರು, ಸೊನ್ನೆಗೂ ಮೂರು.

ನಿಮ್ಮ ಹೆಸರನ್ನೇ ಎಣಿಸಿ. ‘ನಮ್ಮೂರ’ ಕಣ್ಣಿಗೆ ಮೂರಕ್ಷರ. ಒಳಗೆ ನ, ಮ, ವಿರಾಮ, ಮ, ಊ ಕೊಂಬು, ರ: ಆರು ಗುರುತು, 18 ಬೈಟ್. ‘ಗ್ರಂಥಾಲಯ’ ಎಂಟು ಗುರುತು, 24. ‘ವಿಕಿಪೀಡಿಯ’ ಒಂಬತ್ತು, 27. ನಡುವಿನ ಎರಡು ಖಾಲಿ ಜಾಗಕ್ಕೆ 2. ಒಟ್ಟು 71. ಎಂಟು ಬೈಟ್ ಜಾಸ್ತಿ. ‘ನಮ್ಮೂರ’ ಬಿಟ್ಟು ‘ಗ್ರಂಥಾಲಯ ವಿಕಿಪೀಡಿಯ’ ಅಂತ ಇಡಿ, 52 ಆಗುತ್ತದೆ, ಹಿಡಿಸುತ್ತದೆ. ಬರೀ ಕನ್ನಡದಲ್ಲಿ ಬರೆದರೆ 21 ಗುರುತು ನಮ್ಮ ಮಿತಿ ಅಂತ ನೆನಪಿಟ್ಟುಕೊಳ್ಳಿ.

ಓದು.ಲೋಕಲ್ ಅನ್ನುವ ಹೋಸ್ಟ್ ಹೆಸರನ್ನು ಮಾತ್ರ ಕನ್ನಡ ಮಾಡಬೇಡಿ. ಬ್ರೌಸರ್ ಅದನ್ನು ಇಂಗ್ಲಿಷ್ ಅಕ್ಷರದ ಸಂಕೇತವಾದ ಪ್ಯೂನಿಕೋಡ್‌ಗೆ ತಿರುಗಿಸಿ ಕೇಳುತ್ತದೆ, ಈ ಕಡೆ ಯುಟಿಎಫ್-8 ಹೆಸರು ಕೂತಿರುತ್ತದೆ. ಒಂದಕ್ಕೊಂದು ಸಿಗುವುದೇ ಇಲ್ಲ.

ಪೋರ್ಟ್ ಬಗ್ಗೆಯೂ ಒಂದು ಮಾತು. ಸರ್ವಿಸ್ ಫೈಲಿನಲ್ಲಿ 8080 ಅಂತ ಹಾಕಿದ್ದನ್ನು ಬ್ರೌಸರ್ ನೋಡುವುದಿಲ್ಲ. ಪಟ್ಟಿಯಿಂದ ಒತ್ತಿದರೆ ಸರಿಯಾದ ಬಾಗಿಲಿಗೆ ಹೋಗುತ್ತದೆ. ಕೈಯಲ್ಲಿ ಟೈಪ್ ಮಾಡಿದರೆ 80ಕ್ಕೇ ಹೋಗುತ್ತದೆ. ನಿಮ್ಮ ಕಿವಿಕ್ಸ್ ಈಗ ಯಾವುದರಲ್ಲಿದೆ?

ಓದುಮನೆ · ಗುರುವಾರ, ಸಂಜೆ 7:05

ಕಿವಿಕ್ಸ್ 80ರಲ್ಲೇ ಇದೆ. ಫೈಲಿನಲ್ಲಿ 8080 ಅಂತ ತಪ್ಪು ಬರೆದಿದ್ದೆ, ತಿದ್ದಿದೆ. ‘ಗ್ರಂಥಾಲಯ ವಿಕಿಪೀಡಿಯ’ ಅಂತ ಹೆಸರು ಬದಲಿಸಿ ಫೈಲ್ ಉಳಿಸಿದ ಕೂಡಲೇ ಪಟ್ಟಿಗೆ ಬಂತು. ಈ ಫೈಲಿಗೆ ರೀಸ್ಟಾರ್ಟ್ ಕೂಡ ಬೇಕಾಗಲಿಲ್ಲ.

ಇವತ್ತು ಐದೂವರೆಗೆ ಕರೆಂಟ್ ಹೋಯಿತು, ಆರಕ್ಕೆ ಬಂತು. ನಾನು ಇನ್ನೂ ಸ್ಟೂಲಿನಿಂದ ಎದ್ದಿರಲಿಲ್ಲ. ಆ ಹುಡುಗಿ ಮೇಜು2ರ ಮುಂದೆ ಕೂತು ಓ, ಡಿ, ಯು ಅಂತ ಶುರು ಮಾಡಿದ್ದಳು. ಸರ್ವರ್ ಏಳೋಕೆ ಎರಡು ನಿಮಿಷ ಬೇಕು ಅಂತ ಅವಳಿಗೆ ಗೊತ್ತು, ಅಷ್ಟೂ ಹೊತ್ತು ಪರದೆ ನೋಡ್ತಾ ಕಾದಳು. ಪುಟ ಬಂದಾಗ ಹುಡುಕಿದ್ದು ‘ಕರಡಿ’. ದರೋಜಿ ಕರಡಿಧಾಮದ ಬಗ್ಗೆ ಯಾರೋ ಹೇಳಿದ್ದರಂತೆ.

ಸಿಂಧನೂರು_ಹೊಸಬ · ಗುರುವಾರ, ರಾತ್ರಿ 8:30

ನನ್ನದೂ ಸರಿಯಾಯಿತು ಅಣ್ಣಾ. ಎರಡು ಚುಕ್ಕೆಯೇ ಇತ್ತು, ಒಂದು ತೆಗೆದೆ. ಪಿಂಗ್ ಬರುತ್ತಿದೆ. ಅಕ್ಕಾ, ನಿಮ್ಮ ಸರ್ವಿಸ್ ಫೈಲನ್ನು ಹಾಗೇ ಇಲ್ಲಿ ಹಾಕುತ್ತೀರಾ? ನಮ್ಮ ಊರಿನ ಗ್ರಂಥಾಲಯದಲ್ಲೂ ಎರಡು ಕಂಪ್ಯೂಟರ್ ಸುಮ್ನೆ ಕೂತಿವೆ.